ಪದ ಹೇಳಿದವರ ಹೆಸರು

ಜಾನ್ ಪ್ರೈನ್ ಯಾರು ಅಂತ ನಮ್ಮ ಹಾಸ್ಟೆಲ್‌ನಲ್ಲಿ ಕೇಳಿ ನೋಡಿ. ನಾಲ್ಕೈದು ರೂಮಿನಿಂದಾದರೂ ಉತ್ತರ ಬರುತ್ತೆ. ಶಿಕಾಗೋ ಪಕ್ಕದ ಊರೊಂದರಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು, ಕಾಗದ ಹಂಚುತ್ತಾ ಮನಸ್ಸಿನಲ್ಲೇ ಹಾಡು ಕಟ್ಟಿದವರು, 1971ರಲ್ಲಿ ಮೊದಲ ಆಲ್ಬಮ್ ತಂದವರು, 2020ರಲ್ಲಿ ಕೋವಿಡ್‌ಗೆ ಬಲಿಯಾದವರು. ಗಿಟಾರ್ ಕಲಿಯೋಕೆ ಹೊರಟ ನಮ್ಮಂಥವರ ಫೋನಿನಲ್ಲಿ 'ಅಮೆರಿಕಾನಾ' ಅಂತ ಒಂದು ಪ್ಲೇಲಿಸ್ಟ್ ಇದ್ದೇ ಇರುತ್ತೆ. ಕಂಟ್ರಿ, ಫೋಕ್, ಬ್ಲೂಸ್ ಎಲ್ಲಾ ಕಲಸಿದ, ರಾಗಕ್ಕಿಂತ ಕಥೆ ಮುಖ್ಯ ಅನ್ನೋ ಹಾಡುಗಳು. ಯುದ್ಧದಿಂದ ವಾಪಸ್ ಬಂದ ಸೈನಿಕ, ಮಾತಾಡಿಸೋರಿಲ್ಲದ ಮುದುಕ ಮುದುಕಿ, ಗಣಿಗಾರಿಕೆಯಲ್ಲಿ ಹಾಳಾದ ಊರು. ಪ್ರೈನ್ ಯಾವ ಹಾಡನ್ನ ಯಾವ ವರ್ಷ ಬರೆದರು, ಯಾರ ಜೊತೆ ಹಾಡಿದರು, ಎಲ್ಲಾ ಒಂದು ಸರ್ಚ್‌ಗೆ ಸಿಗುತ್ತೆ.

ಈಗ ಇನ್ನೊಂದು ಹೆಸರು ಕೇಳ್ತೀವಿ. ಸಿರಿಯಜ್ಜಿ.

ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ತಾಲ್ಲೂಕು, ಯಲಗಟ್ಟೆ ಗೊಲ್ಲರಹಟ್ಟಿ. ಕಾಡುಗೊಲ್ಲ ಸಮುದಾಯದ ಹೆಣ್ಣುಮಗಳು. ಅಕ್ಷರ ಗೊತ್ತಿಲ್ಲ, ಆದರೆ ನೆನಪಿನಲ್ಲಿದ್ದ ಹಾಡುಗಳು ಸಾವಿರ ಸಾವಿರ. ಜಾನಪದ ವಿದ್ವಾಂಸರೂ ಕಾದಂಬರಿಕಾರರೂ ಆದ ಕೃಷ್ಣಮೂರ್ತಿ ಹನೂರರು ಅವರ ಮುಂದೆ ಕೂತು ಆ ಹಾಡುಗಳನ್ನ ಬರೆದುಕೊಂಡು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಡಾಕ್ಟರೇಟ್‌ಗೆ ಸಮನಾದ ಗೌರವ ಅದು. ನಮ್ಮ ಎಚ್‌ಒಡಿಗಳು ಹೆಸರಿನ ಮುಂದೆ ಹಾಕ್ಕೊಳ್ಳೋ 'ಡಾ.' ಜೊತೆ ಇಡಬಹುದಾದದ್ದು. ಈಗ ಅವರಿಲ್ಲ.

ಈ ಹೆಸರು ನಮ್ಮ ಕ್ಯಾಂಪಸ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು? ಕ್ಲಬ್ಬಿನ ಕಳೆದ ಮೀಟಿಂಗ್‌ನಲ್ಲಿ ಕೇಳಿದಾಗ ಎರಡು ಕೈ ಎದ್ದವು. ಇಬ್ಬರೂ ಆ ಕಡೆಯವರೇ, ಒಬ್ಬರು ಚಳ್ಳಕೆರೆ, ಇನ್ನೊಬ್ಬರು ಮೊಳಕಾಲ್ಮುರು.

ಇಂಗ್ಲಿಷ್ ಹಾಡು ಕೇಳಬೇಡಿ, ಕನ್ನಡ ಕೇಳಿ ಅಂತ ಬೈಯೋಕೆ ನಾವು ಬರೀತಿಲ್ಲ. ನಾವೂ ಇಂಗ್ಲಿಷ್ ಮೀಡಿಯಂನವರೇ, ಪ್ರೈನ್ ನಮಗೂ ಇಷ್ಟ, ಕೇಳೋದನ್ನ ಬಿಡಲ್ಲ. ನಮ್ಮ ತಕರಾರು ಬೇರೆ. ಪ್ರೈನ್ ಅಂದ್ರೆ 'ಸಾಂಗ್‌ರೈಟರ್', ಸಿರಿಯಜ್ಜಿ ಅಂದ್ರೆ 'ಜನಪದ'. ಅವರದ್ದು ಕೆರಿಯರ್, ಇವರದ್ದು ಸಂಪ್ರದಾಯ. ಅವರು ಹಾಡು ಬರೆದರು. ಇವರ ಬಾಯಲ್ಲಿ ಹಾಡು 'ಉಳಿದುಕೊಂಡು ಬಂತು', ಏನೋ ಗೋಡೆ ಮೇಲೆ ಪಾಚಿ ಉಳಿದುಕೊಂಡ ಹಾಗೆ. ಈ ವಿಂಗಡಣೆಯೇ ತಪ್ಪು ಅನ್ನೋದು ನಮ್ಮ ವಾದ. ಅದು ನಮ್ಮ ಫೆಸ್ಟ್‌ನ ಸ್ಟೇಜಿನ ಮೇಲೂ ಪ್ರತಿ ವರ್ಷ ನಡೀತಿದೆ, ಅದಕ್ಕೇ ಈಗ ಬರೀತಿದ್ದೀವಿ.

ಮೊದಲು ಒಂದು ಮಾತಿನ ವಿಷಯ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಹಳಬರು 'ಹಾಡು ಹಾಡು' ಅನ್ನೋದಕ್ಕಿಂತ ಹೆಚ್ಚಾಗಿ 'ಪದ ಹೇಳು' ಅಂತಾರೆ. ನಮ್ಮ ಮೊಳಕಾಲ್ಮುರು ಗೆಳೆಯ ಇದನ್ನ ಹೇಳಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಕಥೆ ಹೇಳೋದಕ್ಕೂ ಹಾಡೋದಕ್ಕೂ ಒಂದೇ ಕ್ರಿಯಾಪದ. 'ಸ್ಟೋರಿಟೆಲ್ಲಿಂಗ್ ಸಾಂಗ್‌ರೈಟರ್' ಅಂತ ಅಮೆರಿಕದ ಪತ್ರಿಕೆಗಳು ನಾಲ್ಕು ಪದ ಜೋಡಿಸಿ ಹೇಳೋದನ್ನ ಆ ಕಡೆ ಅಜ್ಜಿಯರು ಎರಡೇ ಪದದಲ್ಲಿ ಮುಗಿಸಿದ್ದಾರೆ.

ಮತ್ತೆ ಆ ನೆಲದಲ್ಲಿ ಹೇಳೋಕೆ ಕಥೆಗಳಿಗೇನು ಕಮ್ಮಿ ಇಲ್ಲ. ಕಾಡುಗೊಲ್ಲರಿಗೆ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ. ದನ ಕಾಯುತ್ತಾ ಬದುಕಿ, ಆಮೇಲೆ ದೇವರಾದವರು. ಜುಂಜಪ್ಪನ ಕಥೆ ಹೇಳುವಾಗ ಗಣೆ ಊದ್ತಾರೆ, ಅದು ಬಿದಿರಿನ ಉದ್ದನೆಯ ಕೊಳಲು. ಮ್ಯಾಸಬೇಡರಿಗೆ ಗಾದರಿ ಪಾಲನಾಯಕ. ಅವರ ಹಟ್ಟಿಗಳಲ್ಲಿ ಇವತ್ತಿಗೂ 'ದೇವರ ಎತ್ತು'ಗಳ ಮಂದೆ ಇದೆ. ಅವನ್ನ ಯಾರೂ ಹೂಡೋ ಹಾಗಿಲ್ಲ, ಮಾರೋ ಹಾಗಿಲ್ಲ. ನೋಡಿಕೊಳ್ಳೋರಿಗೆ ಕಿಲಾರಿ ಅಂತಾರೆ. ಬರ ಬಂದ ವರ್ಷ ಕಿಲಾರಿಗಳು ಮೇವಿಗೆ ಪಡೋ ಪಾಡು ಪೇಪರ್‌ನಲ್ಲಿ ಬರುತ್ತೆ. ಆ ಕಡೆ ಬರ ಅನ್ನೋದು ವಿಶೇಷ ಸುದ್ದಿ ಏನಲ್ಲ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಅದೂ ಒಂದು. ಕನ್ನಡದ ಜೊತೆ ಮನೆಯಲ್ಲಿ ತೆಲುಗೂ ಓಡಾಡುತ್ತೆ, ಮೊಳಕಾಲ್ಮುರಿಂದ ಸ್ವಲ್ಪ ದೂರ ಹೋದರೆ ಆಂಧ್ರದ ರಾಯದುರ್ಗ. ಇನ್ನೊಂದು ದಿಕ್ಕಿಗೆ ಸಂಡೂರು ತಾಲ್ಲೂಕು. ಅಲ್ಲಿನ ದರೋಜಿಯ ಈರಮ್ಮ ಬುರ್ರಕಥೆ ಹೇಳುತ್ತಾ ಕುಮಾರರಾಮನಂಥ ದೊಡ್ಡ ದೊಡ್ಡ ಕಥೆಗಳನ್ನ ಪೂರ್ತಿ ಬಾಯಲ್ಲೇ ಇಟ್ಟುಕೊಂಡಿದ್ದವರು. ಅವರಿಗೂ ನಾಡೋಜ ಬಂತು, 2014ರಲ್ಲಿ ತೀರಿಕೊಂಡರು. ಒಬ್ಬರ ಊರಿಂದ ಇನ್ನೊಬ್ಬರ ಊರಿಗೆ ಅರ್ಧ ದಿನದ ಬಸ್ ದಾರಿಯೂ ಅಲ್ಲ. ಅಷ್ಟರೊಳಗೆ ಇಂಥ ಇಬ್ಬರು.

ಸರಿ, 'ಆದ್ರೆ ಅವರು ಹಾಡು ಬರೆದಿಲ್ಲವಲ್ಲ, ಹಿರಿಯರಿಂದ ಕಲಿತದ್ದನ್ನ ಬೈಹಾರ್ಟ್ ಮಾಡಿದ್ದು ತಾನೇ?' ಅಂತ ಕೇಳ್ತೀರಿ. ಮೀಟಿಂಗ್‌ನಲ್ಲೂ ಮೊದಲ ಪ್ರಶ್ನೆ ಇದೇ ಬಂದದ್ದು. ಇದಕ್ಕೆ ಉತ್ತರ ಇರೋದು ಚಳ್ಳಕೆರೆಯಿಂದ ಬಹಳ ದೂರ.

1933ರಿಂದ 1935ರ ನಡುವೆ ಹಾರ್ವರ್ಡ್‌ನ ಮಿಲ್ಮನ್ ಪ್ಯಾರಿ ಅನ್ನೋ ವಿದ್ವಾಂಸರು ಯುಗೊಸ್ಲಾವಿಯಾದ ಹಳ್ಳಿಗಳಿಗೆ ಒಂದು ಯಂತ್ರ ತಗೊಂಡು ಹೋದರು. ಅಲ್ಯೂಮಿನಿಯಂ ಡಿಸ್ಕ್ ಮೇಲೆ ಧ್ವನಿ ಕೊರೆಯೋ ಯಂತ್ರ. ಒಂದು ಡಿಸ್ಕ್ ಕೆಲವೇ ನಿಮಿಷಕ್ಕೆ ತುಂಬಿಹೋಗ್ತಿತ್ತು, ಆದರೆ ಹಾಡುಗಾರರು ಗಂಟೆಗಟ್ಟಲೆ ಹಾಡೋರು. ಅದಕ್ಕೆ ಎರಡು ಟರ್ನ್‌ಟೇಬಲ್ ಜೋಡಿಸಿ, ಒಂದು ತುಂಬೋ ಹೊತ್ತಿಗೆ ಇನ್ನೊಂದಕ್ಕೆ ಸ್ವಿಚ್ ಮಾಡೋ ವ್ಯವಸ್ಥೆ. ಇಸಿಇ ಬ್ರಾಂಚಿನವರೇ, ನಿಮ್ಮ ಲ್ಯಾಬಿನ ಡಬಲ್ ಬಫರಿಂಗ್ ನೆನಪಾಯ್ತಾ? ಅದೇ ಐಡಿಯಾ, ತೊಂಬತ್ತು ವರ್ಷದ ಹಿಂದೆ. ಅವ್ದೋ ಮೆಜೆಡೊವಿಚ್ ಅನ್ನೋ ಅಕ್ಷರ ಬಾರದ ಕಟುಕರೊಬ್ಬರು 12,000 ಸಾಲಿಗೂ ಮೀರಿದ ಒಂದೇ ಒಂದು ಕಥೆಯನ್ನ ದಿನಗಟ್ಟಲೆ ಹೇಳಿದರು.

ಪ್ಯಾರಿ ಮತ್ತೆ ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಆ ರೆಕಾರ್ಡಿಂಗ್‌ಗಳನ್ನ ಹೋಲಿಸಿ ನೋಡಿದಾಗ ಒಂದು ವಿಷಯ ಗೊತ್ತಾಯ್ತು. ಹಾಡುಗಾರರು 'ಇದು ಅದೇ ಹಾಡು, ಒಂದಕ್ಷರ ಬದಲಾಗಿಲ್ಲ' ಅಂತಿದ್ದರು. ಡಿಸ್ಕ್ ಹಾಕಿ ಕೇಳಿದರೆ ಪ್ರತಿ ಸಲವೂ ಬೇರೆ. ಕಥೆ ಅದೇ, ಸಾಲುಗಳು ಬೇರೆ. ಅವರ ತಲೆಯಲ್ಲಿದ್ದದ್ದು ಸೇವ್ ಮಾಡಿಟ್ಟ ಫೈಲ್ ಅಲ್ಲ. ಕಥೆಯ ಹಂದರ, ಸಿದ್ಧವಾಗಿರೋ ನುಡಿಗಟ್ಟುಗಳು, ಲಯದ ಅಚ್ಚು. ಇವನ್ನ ಇಟ್ಟುಕೊಂಡು ಎದುರಿಗೆ ಕೂತವರ ಮುಖ ನೋಡುತ್ತಾ ಅಲ್ಲೇ ಹಾಡು ಕಟ್ಟುತ್ತಿದ್ದರು. ಹಾಡೋದು ಮತ್ತೆ ರಚಿಸೋದು ಎರಡೂ ಒಂದೇ ಕೆಲಸ, ಒಂದೇ ಕ್ಷಣ. ಲಾರ್ಡ್ ಇದನ್ನ 1960ರಲ್ಲಿ ಪುಸ್ತಕ ಮಾಡಿದರು, ಹೋಮರ್‌ನನ್ನ ಓದೋ ರೀತಿಯೇ ಅದರಿಂದ ಬದಲಾಯ್ತು.

ಇದನ್ನ ಹಾಗೇ ತಂದು ಸಿರಿಯಜ್ಜಿಯ ಪ್ರತಿ ಹಾಡಿಗೂ ಅಂಟಿಸೋಕೆ ಆಗಲ್ಲ. ಮದುವೆಯಲ್ಲಿ ಹತ್ತು ಹೆಂಗಸರು ಸೇರಿ ಹೇಳೋ ಮೂರು ಸಾಲಿನ ಪದ ಬೇರೆ, ರಾತ್ರಿಯಿಡೀ ನಡೆಯೋ ವೀರನ ಕಥೆ ಬೇರೆ. ಗುಂಪಿನಲ್ಲಿ ಹೇಳೋ ಪದ ಸುಲಭಕ್ಕೆ ಬದಲಾಗಲ್ಲ, ಬದಲಾಯಿಸಿದ್ರೆ ಪಕ್ಕದಲ್ಲಿ ಕೂತವರೇ 'ಹಂಗಲ್ಲ ಕಣಮ್ಮ' ಅಂತ ತಿದ್ದುತ್ತಾರೆ. ಆದರೂ ಸಾವಿರಾರು ಪದಗಳಲ್ಲಿ ಯಾವುದನ್ನ ಯಾವಾಗ ಎತ್ತಬೇಕು, ಯಾವುದನ್ನ ಯಾವುದಕ್ಕೆ ಜೋಡಿಸಬೇಕು, ಕೇಳೋರು ಬೇಜಾರಾದರೆ ಎಲ್ಲಿ ಮೊಟಕು ಮಾಡಬೇಕು, ಕಣ್ಣೀರು ಬಂದರೆ ಎಲ್ಲಿ ಎಳೆಯಬೇಕು ಅನ್ನೋ ತೀರ್ಮಾನವನ್ನ 'ಸಂಪ್ರದಾಯ' ಮಾಡಲ್ಲ. ಒಬ್ಬ ಮನುಷ್ಯ ಮಾಡಬೇಕು. ಹಟ್ಟಿಯಲ್ಲಿ ಎಷ್ಟೋ ಹೆಂಗಸರು ಪದ ಹೇಳ್ತಾರೆ. ಆದರೆ ವಿದ್ವಾಂಸರೊಬ್ಬರು ಹುಡುಕಿಕೊಂಡು ಬಂದಾಗ ಬೆರಳು ಸಿರಿಯಜ್ಜಿ ಕಡೆ ತೋರಿಸುತ್ತೆ ಅಂದರೆ, ಅದು ಆಕೆ ಜೀವಮಾನವಿಡೀ ದುಡಿದು ಗಳಿಸಿದ್ದು. ಕೆರಿಯರ್ ಅಂದ್ರೆ ಇನ್ನೇನು? ನಮ್ಮಲ್ಲಿ ಕೆರಿಯರ್ ಅಂದ ತಕ್ಷಣ ಪ್ಯಾಕೇಜ್ ಎಷ್ಟು ಅನ್ನೋದೇ ತಲೆಗೆ ಬರುತ್ತೆ, ಅದು ನಮ್ಮ ಪ್ಲೇಸ್‌ಮೆಂಟ್ ಸೆಲ್‌ನ ಪ್ರಭಾವ.

ಅಮೆರಿಕದವರು ಈ ವಿಷಯದಲ್ಲಿ ಸಾಚಾ ಅಂತ ಯಾರೂ ತಿಳ್ಕೋಬೇಡಿ. ಅಮೆರಿಕಾನಾದ ಬೇರು ಹುಡುಕೋರು ಹೋಗಿ ನಿಲ್ಲೋದು 1927ರ ಬ್ರಿಸ್ಟಲ್ ರೆಕಾರ್ಡಿಂಗ್ ಹತ್ತಿರ. ಟೆನೆಸಿಯ ಆ ಊರಿಗೆ ರಾಲ್ಫ್ ಪಿಯರ್ ಅನ್ನೋ ವಿಕ್ಟರ್ ಕಂಪನಿಯ ಪ್ರತಿನಿಧಿ ಬಂದು, ಸುತ್ತಲಿನ ಬೆಟ್ಟದ ಹಾಡುಗಾರರನ್ನ ಕರೆಸಿ ಹಾಡಿಸಿದರು. ಕಾರ್ಟರ್ ಫ್ಯಾಮಿಲಿ ಬೆಳಕಿಗೆ ಬಂದದ್ದು ಅಲ್ಲೇ. ಆಮೇಲೆ ಎ. ಪಿ. ಕಾರ್ಟರ್ ಊರೂರು ಸುತ್ತಿ ಹಾಡು ಹುಡುಕುತ್ತಿದ್ದರು. ಜೊತೆಗೆ ಲೆಸ್ಲಿ ರಿಡಲ್ ಅನ್ನೋ ಕಪ್ಪು ಗಿಟಾರ್ ವಾದಕ. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ ರಿಡಲ್ ರಾಗವನ್ನ ನೆನಪಲ್ಲಿ ಇಟ್ಟುಕೊಂಡು ಬಂದು ಕಲಿಸೋರು. ಹಾಗೆ ಹಳ್ಳಿ ಮನೆಗಳಲ್ಲಿ ಸಿಕ್ಕ ಎಷ್ಟೋ ಹಾಡುಗಳು ಕಾಪಿರೈಟ್ ಆಫೀಸಿನಲ್ಲಿ ಎ. ಪಿ. ಕಾರ್ಟರ್ ಹೆಸರಲ್ಲಿ ದಾಖಲಾದವು. ರಿಡಲ್ ಹೆಸರು ಜನಕ್ಕೆ ತಿಳಿಯೋಕೆ ಹಲವು ದಶಕ ಬೇಕಾಯ್ತು. ಅಂದ್ರೆ ಅಲ್ಲಿ ಒಬ್ಬರ ಹೆಸರು ಎಲ್ಲರ ಹಾಡಿನ ಮೇಲೆ ಕೂತಿತು. ನಮ್ಮಲ್ಲಿ ಉಲ್ಟಾ, 'ಜನಪದ' ಅನ್ನೋ ಎಲ್ಲರ ಹೆಸರು ಒಬ್ಬೊಬ್ಬರ ಹಾಡಿನ ಮೇಲೂ ಕೂತಿದೆ. ಎರಡರಲ್ಲೂ ಹಟ್ಟಿಯಲ್ಲಿ ಕೂತು ಹೇಳಿದವರಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೇ.

ಇಲ್ಲಿ ನಮ್ಮ ಕ್ಲಬ್ಬಿನೊಳಗೇ ಜಗಳ ಇದೆ. ಒಂದು ಗುಂಪು ಹೇಳೋದು: ಜನಪದ ಹಾಡು ಊರಿನದ್ದು, ಒಬ್ಬರ ಹೆಸರು ಹಾಕೋದೇ ತಪ್ಪು, ಹಾಗೆ ಮಾಡಿದ್ರೆ ನಾವೂ ಎ. ಪಿ. ಕಾರ್ಟರ್ ಆಗ್ತೀವಿ. ಮಾತಿನಲ್ಲಿ ತೂಕ ಇದೆ. ಆದರೆ ಹಾಡು ಯಾರದ್ದು ಅನ್ನೋದು ಒಂದು ಪ್ರಶ್ನೆ, ಈ ಸಲ ಹಾಡಿದ್ದು ಯಾರು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ 'ಹಟ್ಟಿ' ಅಂತ ಉತ್ತರ ಕೊಡಬಹುದು. ಎರಡನೆಯದಕ್ಕೆ ಉತ್ತರ ಯಾವಾಗಲೂ ಒಂದು ಹೆಸರೇ. ಮೈಸೂರು ಮಲ್ಲಿಗೆಯ ಹಾಡನ್ನ ಯಾರು ಹಾಡಿದ್ದಾರೆ ಅಂತ ಕ್ಯಾಸೆಟ್ ಮೇಲೆ ಹಾಕೋರು, ಕವಿಯ ಹೆಸರು ಇದೆಯಲ್ಲ ಸಾಕು ಅಂತ ಬಿಡ್ತಿರಲಿಲ್ಲವಲ್ಲ.

ಕಾನೂನು ಕೂಡ ಈ ಎರಡನ್ನ ಬೇರೆ ಮಾಡಿಯೇ ಇಟ್ಟಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ 'ಪರ್ಫಾರ್ಮರ್' ಅಂದ್ರೆ ಯಾರು ಅಂತ ಒಂದು ಪಟ್ಟಿ ಇದೆ. ನಟ, ಗಾಯಕ, ವಾದಕ, ನರ್ತಕ ಅಂತ ಶುರುವಾಗಿ ದೊಂಬರಾಟದವರು, ಹಾವಾಡಿಗರ ತನಕ ಹೋಗುತ್ತೆ. ಹಾವಾಡಿಗ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ, ನಿಜವಾಗ್ಲೂ. 2012ರ ತಿದ್ದುಪಡಿಯಲ್ಲಿ 38ಬಿ ಅನ್ನೋ ಸೆಕ್ಷನ್ ಸೇರಿಸಿ, ಪರ್ಫಾರ್ಮರ್‌ಗೆ ತನ್ನ ಪ್ರದರ್ಶನದ ಜೊತೆ ತನ್ನ ಹೆಸರು ಗುರುತಿಸಿಕೊಳ್ಳೋ ಹಕ್ಕನ್ನ ಕೊಟ್ಟರು. ಹಾಡು ಸ್ವಂತ ರಚನೆ ಆಗಿರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಗೊಲ್ಲರಹಟ್ಟಿಯ ಒಬ್ಬ ಅಜ್ಜಿಯ ಧ್ವನಿಯನ್ನ ರೆಕಾರ್ಡ್ ಮಾಡಿ, ಡ್ರಮ್ಸ್ ಸೇರಿಸಿ, 'ಜನಪದ' ಅಂತ ಅಪ್‌ಲೋಡ್ ಮಾಡೋದು ಬರೀ ಸಣ್ಣತನ ಅಲ್ಲ, ಆಕೆಯ ಕಾನೂನಿನ ಹಕ್ಕನ್ನೂ ತುಳಿದ ಹಾಗೆ.

ಕಾನೂನಿಗಿಂತ ಹಳೆಯ ಸಾಕ್ಷಿ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನ ಇದೆ ಅಂತ ಹೈಸ್ಕೂಲಿನಲ್ಲಿ ಓದಿರ್ತೀರಿ. ಬಿ. ಎಲ್. ರೈಸ್ ಅವನ್ನ 1892ರಲ್ಲಿ ಪತ್ತೆ ಮಾಡಿದರು. ಪಾಠದಲ್ಲಿ ಹೇಳದ ವಿಷಯ ಬೇರೆ ಇದೆ. ಚಕ್ರವರ್ತಿಯ ಆಜ್ಞೆ ಎಲ್ಲಾ ಬ್ರಾಹ್ಮೀ ಲಿಪಿಯಲ್ಲಿ ಮುಗಿದ ಮೇಲೆ, ಕೊನೆಯಲ್ಲಿ ಇದನ್ನ ಬರೆದವನು ಲಿಪಿಕಾರ ಚಪಡ ಅಂತ ಇದೆ. ಅದರಲ್ಲೂ ಲಿಪಿಕಾರ ಅನ್ನೋ ಪದವನ್ನ ಮಾತ್ರ ಖರೋಷ್ಠಿಯಲ್ಲಿ, ಅಂದ್ರೆ ವಾಯವ್ಯದ ಗಾಂಧಾರದ ಕಡೆಯ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಸುತ್ತಲಿನ ಊರವರಿಗೆ ಆ ಲಿಪಿ ಬರ್ತಿತ್ತು ಅನ್ನೋಕೆ ಕಾರಣವೇ ಇಲ್ಲ. ಸುಮ್ಮನೆ, ನಾನು ಎಲ್ಲಿಂದ ಬಂದವನು ಗೊತ್ತಾ ಅನ್ನೋ ಠೀವಿ. ಮಾತು ಅಶೋಕನದ್ದು, ಚಪಡ ಬರೀ ಬರೆದವನು. ಆದರೂ 2,200 ವರ್ಷಕ್ಕೂ ಹಿಂದೆ ಅವನ ಹೆಸರಿಗೆ ಆ ಬಂಡೆಯ ಮೇಲೆ ಜಾಗ ಇತ್ತು. ನಮ್ಮ ಫೆಸ್ಟ್‌ನ ಎಲ್‌ಇಡಿ ಸ್ಕ್ರೀನ್ ಮೇಲೆ ಜಾಗ ಇಲ್ಲ.

ಫೆಸ್ಟ್ ವಿಷಯಕ್ಕೆ ಬರೋಣ. ಕಳೆದ ವರ್ಷ 'ಫೋಕ್ ನೈಟ್' ಅಂತ ಒಂದು ಫ್ಯೂಷನ್ ಬ್ಯಾಂಡ್ ಕರೆಸಿದ್ದೆವು. ಚೆನ್ನಾಗಿತ್ತು, ನಾವೂ ಕುಣಿದೆವು. ಸ್ಕ್ರೀನ್ ಮೇಲೆ ಗಿಟಾರ್, ಬೇಸ್, ಕೀಬೋರ್ಡ್, ಸೌಂಡ್ ಎಂಜಿನಿಯರ್ ಎಲ್ಲರ ಹೆಸರೂ ಬಂತು. 'ಸಾಹಿತ್ಯ' ಅಂತ ಬಂದಾಗ ಮಾತ್ರ 'ಜನಪದ'. ಆ ಪದ ಅವರಿಗೆ ಯಾರ ಬಾಯಿಂದ ಸಿಕ್ಕಿತು, ಪುಸ್ತಕದಿಂದಾದರೆ ಆ ಪುಸ್ತಕಕ್ಕೆ ಯಾರು ಹಾಡಿದ್ದು, ಯಾವ ಊರು, ಯಾರೂ ಕೇಳಲಿಲ್ಲ. ಅದೇ ಫೆಸ್ಟ್‌ನ ಉದ್ಘಾಟನೆಗೆ ಹಳ್ಳಿಯಿಂದ ಬಂದ ತಂಡವೊಂದು ಬೆಳಗ್ಗೆಯಿಂದ ಬಿಸಿಲಲ್ಲಿ ಕಾದು, ಅತಿಥಿಗಳ ಮೆರವಣಿಗೆಗೆ ಹದಿನೈದು ನಿಮಿಷ ಬಾರಿಸಿ, ಶಾಲು, ಹಾರ, ಬಸ್ ಚಾರ್ಜ್ ಇಸ್ಕೊಂಡು ವಾಪಸ್ ಹೋಯ್ತು. ಬ್ಯಾಂಡಿಗೆ ಕೊಟ್ಟದ್ದಕ್ಕೂ ಇದಕ್ಕೂ ಹೋಲಿಕೆ ಮಾಡೋಕೂ ಮುಜುಗರ. ಆ ತಂಡದ ಮುಖ್ಯಸ್ಥರ ಹೆಸರು ಇನ್ವಿಟೇಶನ್‌ನಲ್ಲಿ ಇರಲಿಲ್ಲ, 'ಜಾನಪದ ಕಲಾತಂಡ' ಅಂತ ಇತ್ತು.

ಈಗ ಚಳ್ಳಕೆರೆ ಅಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಏನು ನೆನಪಾಗುತ್ತೆ ಅಂತ ನೋಡಿ. ಮೆಕ್ಯಾನಿಕಲ್, ಏರೋದವರಿಗೆ ಡಿಆರ್‌ಡಿಒದ ಟೆಸ್ಟ್ ರೇಂಜ್. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೋದವರು ಪುನರ್ಬಳಕೆಯ ವಾಹನವನ್ನ ಚಿನೂಕ್ ಹೆಲಿಕಾಪ್ಟರ್‌ನಲ್ಲಿ 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಅದು ತಾನಾಗಿಯೇ ಅಲ್ಲಿನ ರನ್‌ವೇ ಮೇಲೆ ಇಳೀತು. 2024ರಲ್ಲಿ ಮತ್ತೆರಡು ಸಲ. ಐಐಎಸ್‌ಸಿಯ 1,500 ಎಕರೆಯ ಎರಡನೇ ಕ್ಯಾಂಪಸ್ ಕೂಡ ಅಲ್ಲೇ, ಕುದಾಪುರದಲ್ಲಿ. ನಮ್ಮಲ್ಲಿ ಅರ್ಧ ಜನಕ್ಕೆ ಅಲ್ಲಿ ಇಂಟರ್ನ್‌ಶಿಪ್ ಮಾಡೋ ಆಸೆ. ನಮಗೂ ಇದೆ, ಮುಚ್ಚಿಡೋದೇನು.

ಆ ಜಾಗ ಮೊದಲು ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲು, ಸುತ್ತಲ ಹಳ್ಳಿಗಳ ಕುರಿ ದನ ಮೇಯುತ್ತಿದ್ದ ನೆಲ, ಚಳ್ಳಕೆರೆಯ ಹೆಸರುವಾಸಿ ಕಂಬಳಿಗೆ ಉಣ್ಣೆ ಬರ್ತಿದ್ದ ಕುರಿಗಳ ನೆಲ. ಬೇಲಿ ಬಿದ್ದಾಗ ಊರವರು ವಿರೋಧ ಮಾಡಿದರು, ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯ್ತು. ಸರಿ ತಪ್ಪು ಇಲ್ಲಿ ತೀರ್ಮಾನ ಮಾಡೋಕೆ ನಮಗೆ ಜಾಗ ಸಾಲಲ್ಲ. ಆದರೆ ಪ್ರೈನ್‌ಗೆ ಇಷ್ಟು ಹೆಸರು ತಂದ ಹಾಡುಗಳಲ್ಲಿ ಒಂದು 'ಪ್ಯಾರಡೈಸ್'. ಅವರ ತಂದೆಯ ಕಡೆಯ ನಾಡು, ಕೆಂಟಕಿಯ ಒಂದು ಪುಟ್ಟ ಊರು ಕಲ್ಲಿದ್ದಲು ಗಣಿಗಾರಿಕೆಯಲ್ಲಿ ಹಾಳಾಗಿ ಇಲ್ಲದ ಹಾಗೆ ಆದದ್ದರ ಬಗ್ಗೆ. ಊರು ಹೋಯ್ತು, ಹಾಡು ಇದೆ. ಬೆಂಗಳೂರಲ್ಲಿ ಓದಿದ ನಮಗೆ ಕೆಂಟಕಿಯ ಆ ಊರಿನ ಹೆಸರು ಗೊತ್ತಾಗಿದ್ದು ಹಾಡಿನಿಂದಲೇ. ಕಾವಲಿನ ಬೇಲಿ ಬಗ್ಗೆ ಪದ ಕಟ್ಟಿದವರು ಯಾರಾದರೂ ಇದ್ದಾರಾ? ದನ ಕಾಯೋದೇ ದೇವರ ಕೆಲಸ ಅಂತ ನೂರಾರು ವರ್ಷ ಕಥೆ ಹೇಳಿಕೊಂಡು ಬಂದ ಜನ ಇದರ ಬಗ್ಗೆ ಒಂದು ಪದವನ್ನೂ ಕಟ್ಟಿಲ್ಲ ಅಂದ್ರೆ ನಂಬೋಕಾಗಲ್ಲ. ಹೋಗಿ ಕೇಳಿದವರು ಬೇಕು. ಪುಷ್ಪಕ್ ಎಷ್ಟು ಎತ್ತರದಿಂದ ಇಳೀತು ಅನ್ನೋದನ್ನ ದಶಮಾಂಶ ಸಮೇತ ನೆನಪಿಟ್ಟುಕೊಂಡಿರೋ ನಾವು ಇದನ್ನೂ ಕೇಳಬಹುದು.

ಹಾಗಂತ ಹಟ್ಟಿ ಅಂದ್ರೆ ಬರೀ ಹಾಡು, ಬೆಳದಿಂಗಳು ಅಂತ ಯಾರೂ ರೀಲ್ಸ್ ಮಾಡೋದು ಬೇಡ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕು ಅನ್ನೋ ಕಟ್ಟಳೆ ಇತ್ತು, ಕೆಲವು ಕಡೆ ಈಗಲೂ ಇದೆ. ಅದೇ ಹಟ್ಟಿಯ ಹೆಂಗಸರೇ ಈ ಪದಗಳನ್ನ ಹೇಳಿಕೊಂಡು ಬಂದಿರೋದು. ಪದ ಉಳಿಯಬೇಕು ಅನ್ನೋ ಹುಮ್ಮಸ್ಸಿನಲ್ಲಿ ಆ ಕಟ್ಟಳೆಯೂ 'ನಮ್ಮ ಸಂಸ್ಕೃತಿ' ಅಂತ ಹೊಗಳೋರು ಇದ್ದಾರೆ. ನಮಗೆ ಅದು ಒಪ್ಪಿಗೆ ಇಲ್ಲ. ಪದ ಇರಲಿ, ಹೊರಗಿನ ಗುಡಿಸಲು ಹೋಗಲಿ. ನಮ್ಮ ಕ್ಲಬ್ಬಿನ ಹುಡುಗಿಯರು ಇದನ್ನ ಸೇರಿಸದಿದ್ರೆ ಲೇಖನವೇ ಬೇಡ ಅಂದರು, ಅವರು ಹೇಳಿದ್ದು ಸರಿ.

ಇನ್ನೊಂದು ಎಚ್ಚರ, ಇದನ್ನ ಹೇಳಿದ್ದು ಮೊಳಕಾಲ್ಮುರಿನ ಗೆಳೆಯನ ಅಜ್ಜಿ. ಫೋನಿನಲ್ಲಿ ಮಾತಾಡ್ತಾ, ಕೈಯಲ್ಲಿ ಶೇಂಗಾ ಬಿಡಿಸ್ತಾ ಇದ್ದರಂತೆ. ಯಾವ ಪದ ಬೇಕಾದರೂ ಹೇಳ್ತೀರಾ ಅಜ್ಜಿ ಅಂತ ಕೇಳಿದ್ದಕ್ಕೆ, 'ದೇವರ ಪದ ಸುಮ್‌ಸುಮ್ನೆ ಹೇಳಂಗಿಲ್ಲ ಕಣಪ್ಪ, ಅದಕ್ಕೆ ದಿನ ಐತೆ' ಅಂದರು. ಗಣೆಯೂ ಹಾಗೇ, ಅದು ಜುಂಜಪ್ಪನ ಎದುರು ಊದೋದು. ಕಲ್ಚರಲ್ ಈವೆಂಟ್‌ನಲ್ಲಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅಲ್ಲ. ಕೇಳಿದ್ದನ್ನೆಲ್ಲಾ ಕೊಡಲೇಬೇಕು ಅನ್ನೋ ಹಕ್ಕು ನಮಗಿಲ್ಲ. ಕೊಡಲ್ಲ ಅಂದ್ರೆ ರೆಕಾರ್ಡರ್ ಆಫ್ ಮಾಡಿ ಟೀ ಕುಡಿದು ಬರೋದು.

ಸಿರಿಯಜ್ಜಿಯ ವಿಷಯದಲ್ಲಿ ನಮಗೆ ಹೊಟ್ಟೆ ಉರಿಯೋದು ಇಲ್ಲೇ. ಅವರ ಪದಗಳು ಪುಸ್ತಕದಲ್ಲಿ ಇವೆ, ಹನೂರರ ಶ್ರಮಕ್ಕೆ ನಾವು ಎಷ್ಟು ಕೃತಜ್ಞರಾದರೂ ಸಾಲದು. ಆದರೆ ಪ್ರೈನ್ ಧ್ವನಿಯಲ್ಲಿನ ಕೆರಕಲು ನಮಗೆ ಗೊತ್ತು, ಕತ್ತಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅದು ಹೇಗೆ ಇನ್ನೂ ಒರಟಾಯ್ತು ಅನ್ನೋದೂ ಗೊತ್ತು. ಸಿರಿಯಜ್ಜಿ ಎಲ್ಲಿ ಉಸಿರು ತಗೋತಿದ್ರು, ಎಲ್ಲಿ ನಗ್ತಿದ್ರು ಅನ್ನೋದು ಅಚ್ಚಿನ ಪುಟದಲ್ಲಿ ಬರಲ್ಲ. ಆಗ ಟೇಪ್ ರೆಕಾರ್ಡರ್, ಬ್ಯಾಟರಿ, ಕ್ಯಾಸೆಟ್ ಎಲ್ಲಾ ದುಬಾರಿ. ಈಗ ನಮ್ಮಲ್ಲಿ ಪ್ರತಿಯೊಬ್ಬರ ಜೇಬಿನಲ್ಲೂ ಪ್ಯಾರಿಯ ಆ ಅಲ್ಯೂಮಿನಿಯಂ ಯಂತ್ರಕ್ಕಿಂತ ಸಾವಿರ ಪಾಲು ಒಳ್ಳೆಯ ರೆಕಾರ್ಡರ್ ಇದೆ. ಅದರಲ್ಲಿ ನಾವು ಲೆಕ್ಚರ್ ರೆಕಾರ್ಡ್ ಮಾಡ್ತೀವಿ, ಆಮೇಲೆ ಕೇಳಲ್ಲ.

ಆದ್ದರಿಂದ ಈ ಸಲದ ರಾಜ್ಯೋತ್ಸವದ ಬಜೆಟ್ ಮೀಟಿಂಗ್‌ನಲ್ಲಿ ಕ್ಲಬ್ಬಿನ ಪರವಾಗಿ ನಾವು ಇಡ್ತಿರೋ ಬೇಡಿಕೆ ಇದು. ಬ್ಯಾಂಡ್ ಬೇಕಾದ್ರೆ ಕರೆಸಿ. ಆದರೆ ಅವರ ಕಾಂಟ್ರಾಕ್ಟ್‌ನಲ್ಲಿ ಒಂದು ಸಾಲು ಸೇರಿಸಿ, ಹಾಡೋ ಪ್ರತಿ ಜನಪದ ಗೀತೆಗೂ ಅದು ಯಾರಿಂದ, ಯಾವ ಊರಿಂದ ಅಥವಾ ಯಾವ ಸಂಗ್ರಹದಿಂದ ಬಂತು ಅಂತ ಬರೆದು ಕೊಡಬೇಕು, ಅದು ಸ್ಕ್ರೀನ್ ಮೇಲೆ ಬರಬೇಕು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೆಯಲಿ, ಅದೂ ಒಂದು ಮಾಹಿತಿ. ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಪದ ಹೇಳೋರನ್ನ ಕರೆಸೋದಾದ್ರೆ ಮೆರವಣಿಗೆಗೆ ಅಲ್ಲ, ಸಂಜೆಯ ಸ್ಲಾಟ್‌ಗೆ. ಒಂದು ಗಂಟೆ, ಕೂತು ಹೇಳೋಕೆ ಜಮಖಾನ, ಒಳ್ಳೆ ಮೈಕ್, ಇನ್ವಿಟೇಶನ್‌ನಲ್ಲಿ ಹೆಸರು, ಸಂಭಾವನೆ ಮೊದಲೇ ಮಾತಾಡಿ. ಅವರು ಯಾವ ಪದ ಹೇಳಬೇಕು ಅನ್ನೋದನ್ನ ಅವರೇ ಆರಿಸಲಿ.

ರೆಕಾರ್ಡಿಂಗ್ ಕೆಲಸಕ್ಕೆ ಬಜೆಟ್ ಬೇಕಿಲ್ಲ, ಬಸ್ ಚಾರ್ಜ್ ಸಾಕು. ದಸರಾ ರಜೆಯಲ್ಲಿ ಆರು ಜನ ಹೋಗೋದು ಅಂತ ಮಾತಾಗಿದೆ. ಫ್ಯಾನ್ ಆಫ್ ಮಾಡೋದು, ಫೋನ್ ಏರೋಪ್ಲೇನ್ ಮೋಡ್‌ನಲ್ಲಿ ಇಡೋದು, ಮೊದಲು ಒಪ್ಪಿಗೆ ಕೇಳಿ ಅದನ್ನೂ ರೆಕಾರ್ಡ್ ಮಾಡೋದು, ಫೈಲ್‌ನ 'ಆರ್ಟಿಸ್ಟ್' ಜಾಗದಲ್ಲಿ ಹೇಳಿದವರ ಪೂರ್ತಿ ಹೆಸರು, ಅದೂ ಅವರು ಹಾಕಬಹುದು ಅಂದ್ರೆ ಮಾತ್ರ, ಊರು, ತಾರೀಕು, ಯಾರಿಂದ ಕಲಿತರು ಅನ್ನೋದು. ಕಾಪಿ ಒಂದನ್ನ ಅವರ ಮನೆಯವರ ಫೋನಿಗೇ ಹಾಕಿ ಬರೋದು. ಎಲ್ಲಿ ಹಾಕಬೇಕು, ಹಾಕಬಾರದು ಅನ್ನೋದು ಅವರು ಹೇಳಿದ ಹಾಗೆ.

ಚಳ್ಳಕೆರೆ, ಮೊಳಕಾಲ್ಮುರು, ನಾಯಕನಹಟ್ಟಿ, ಪರಶುರಾಂಪುರ ಕಡೆ ಯಾರ ಮನೆಯಲ್ಲಾದರೂ ಪದ ಹೇಳೋ ಅಜ್ಜಿ, ದೊಡ್ಡಮ್ಮ, ತಾತ ಇದ್ದರೆ ಇಂಟರ್ನಲ್ಸ್ ಮುಗಿಯೋದರೊಳಗೆ ಕ್ಲಬ್ ರೂಮಿಗೆ ಬಂದು ಹೇಳಿ. ತೆಲುಗು ಪದ ಆದರೂ ಪರವಾಗಿಲ್ಲ, ನಮ್ಮಲ್ಲಿ ತೆಲುಗು ಬಲ್ಲವರು ಇಬ್ಬರಿದ್ದಾರೆ.